ಮಾದರಿ ಉಗಿಯಂತ್ರ ಕಟ್ಟುವ ಮುನ್ನ: ಯಾವುದು, ಎಷ್ಟು ದೊಡ್ಡದು, ಯಾವ ಬಾಯ್ಲರ್?

ಮಾದರಿ ಉಗಿಯಂತ್ರ ಕಟ್ಟಬೇಕು ಅನ್ನುವವರು ಸಾಮಾನ್ಯವಾಗಿ ಚಿತ್ರ ನೋಡಿ ಆರಿಸುತ್ತಾರೆ. ಹಿತ್ತಾಳೆ ಪಟ್ಟಿ ಹೊಳೆಯುವ ಟ್ರಾಕ್ಷನ್ ಎಂಜಿನ್, ಅಂದರೆ ರಸ್ತೆಯ ಮೇಲೆ ಓಡುವ ಉಗಿಯಂತ್ರ, ಕಣ್ಣಿಗೆ ಬೀಳುತ್ತದೆ. ನಕ್ಷೆ ತರಿಸುತ್ತಾರೆ, ಎರಕಗಳನ್ನು ತರಿಸುತ್ತಾರೆ. ಹಿಂದಿನ ಚಕ್ರ ತಮ್ಮ ಲೇತಿನ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ) ಮೇಲೆ ಕೂರುವುದಿಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ಅರ್ಧಕ್ಕೆ ನಿಂತ ಯಂತ್ರಗಳು ಒಬ್ಬರಿಂದ ಒಬ್ಬರಿಗೆ ಕೈಬದಲಾಗುವುದು ಈ ಹವ್ಯಾಸದಲ್ಲಿ ಮಾಮೂಲು. ಅಂಥ ಎಷ್ಟೋ ಯಂತ್ರಗಳಲ್ಲಿ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಬಾಯ್ಲರ್ ಮಾತ್ರ ಇರುವುದಿಲ್ಲ.

ಅದಕ್ಕೇ ನನ್ನ ಸಲಹೆ ತಿರುಗುಮುರುಗು. ಮೊದಲು ಬಾಯ್ಲರ್ ವಿಷಯ ತೀರ್ಮಾನಿಸಿ, ಎಂಜಿನ್ ಆಮೇಲೆ ಆರಿಸಿ. ಬಾಯ್ಲರನ್ನು ನೀವೇ ಕಟ್ಟುತ್ತೀರಾ, ಕಟ್ಟಿದ್ದನ್ನು ಕೊಳ್ಳುತ್ತೀರಾ, ಇಲ್ಲ ಸದ್ಯಕ್ಕೆ ಅದರ ಗೊಡವೆಯೇ ಬೇಡವಾ? ಈ ಒಂದು ಉತ್ತರ ಸಿಕ್ಕರೆ ಉಳಿದ ಆಯ್ಕೆಗಳಲ್ಲಿ ಅರ್ಧ ತಾವಾಗಿಯೇ ಉದುರಿ ಹೋಗುತ್ತವೆ.

ನಿಂತಲ್ಲೇ ಓಡುವುದೋ, ಚಲಿಸುವುದೋ

ಮುಖ್ಯವಾಗಿ ನಾಲ್ಕು ದಾರಿಗಳಿವೆ. ನಿಂತಲ್ಲೇ ಓಡುವ ಎಂಜಿನ್, ದೋಣಿಗೆ ಕೂರಿಸುವ ಎಂಜಿನ್, ರೈಲು ಎಂಜಿನ್, ಮತ್ತು ರಸ್ತೆಯ ಮೇಲೆ ಓಡುವ ಟ್ರಾಕ್ಷನ್ ಎಂಜಿನ್ ಅಥವಾ ರೋಡ್ ರೋಲರ್.

ನಿಂತಲ್ಲೇ ಓಡುವ ಎಂಜಿನ್ನಿನ ದೊಡ್ಡ ಅನುಕೂಲ ಏನೆಂದರೆ ಅದಕ್ಕೆ ಬಾಯ್ಲರ್ ಬೇರೆಯೇ ಇರುತ್ತದೆ. ಎಂಜಿನ್ ಮುಗಿಸಿ ಕಂಪ್ರೆಸರಿನ ಗಾಳಿ ಕೊಟ್ಟರೆ ಸಾಕು, ಓಡುತ್ತದೆ. ಒಂದು ಬಾರ್ (ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಆಸುಪಾಸಿನ ಒತ್ತಡವೇ ಧಾರಾಳ. ಬಾಯ್ಲರ್ ಮುಂದಿನ ವರ್ಷ ಬರಬಹುದು, ಬರದೆಯೂ ಇರಬಹುದು. ಯಾರೂ ಕೇಳುವುದಿಲ್ಲ.

ರೈಲು ಎಂಜಿನ್ನಿನಲ್ಲೂ ಈ ಅನುಕೂಲ ಸ್ವಲ್ಪ ಮಟ್ಟಿಗೆ ಇದೆ. ಚೌಕಟ್ಟು, ಚಕ್ರ, ಸಿಲಿಂಡರ್, ವಾಲ್ವ್ ಗೇರ್ (ಉಗಿಯ ವಾಲ್ವನ್ನು ಆಡಿಸುವ ಏರ್ಪಾಡು) ಎಲ್ಲ ಜೋಡಿಸಿ, ಗಾಲಿಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಗಾಳಿಯಲ್ಲಿ ಓಡಿಸಿ ನೋಡಬಹುದು. ಬಾಯ್ಲರ್ ಆಮೇಲೆ ಚೌಕಟ್ಟಿನ ಮೇಲೆ ಬಂದು ಕೂರುತ್ತದೆ.

ಟ್ರಾಕ್ಷನ್ ಎಂಜಿನ್ ಹಾಗಲ್ಲ. ಅದರಲ್ಲಿ ಬಾಯ್ಲರೇ ಚೌಕಟ್ಟು. ಸಿಲಿಂಡರ್ ಬಾಯ್ಲರಿನ ಬೆನ್ನ ಮೇಲೆ ಕೂರುತ್ತದೆ. ಕ್ರ್ಯಾಂಕ್ ಶಾಫ್ಟಿಗೂ ಗೇರುಗಳಿಗೂ ಆಧಾರವಾಗುವ ಅಕ್ಕಪಕ್ಕದ ತಗಡುಗಳು ಫೈರ್‌ಬಾಕ್ಸಿನ (ಬೆಂಕಿ ಉರಿಯುವ ಪೆಟ್ಟಿಗೆಯ) ಪಕ್ಕಗಳಿಂದಲೇ ಮೇಲೆದ್ದಿರುತ್ತವೆ, ಇಲ್ಲ ಅವಕ್ಕೆ ಬೋಲ್ಟ್ ಆಗಿರುತ್ತವೆ. ಮುಂದಿನ ಚಕ್ರ ತಿರುಗಿಸುವ ಏರ್ಪಾಡು ಹೊಗೆಪೆಟ್ಟಿಗೆಯ ಕೆಳಗೆ. ಅಂದರೆ ಬಾಯ್ಲರ್ ಇಲ್ಲದೆ ಜೋಡಿಸಲು ಜಾಗವೇ ಇಲ್ಲ. ಮೊದಲ ಯಂತ್ರವಾಗಿ ಟ್ರಾಕ್ಷನ್ ಎಂಜಿನ್ ಆರಿಸಿದವರು ಕಷ್ಟದ ಕೆಲಸದಿಂದಲೇ ಶುರು ಮಾಡಬೇಕಾಗುತ್ತದೆ.

ಹಾಗಂತ ಟ್ರಾಕ್ಷನ್ ಎಂಜಿನ್ನಿಗೆ ಒಂದು ಗುಣ ಇದೆ, ರೈಲು ಎಂಜಿನ್ನಿಗೆ ಇಲ್ಲದ್ದು: ಅದಕ್ಕೆ ಹಳಿ ಬೇಡ. ಗಟ್ಟಿ ನೆಲ ಇದ್ದರಾಯಿತು. ರೈಲು ಎಂಜಿನ್ ಕಟ್ಟುವ ಮುಂಚೆ ಆ ಅಳತೆಯ ಹಳಿ ಎಲ್ಲಿದೆ, ಅಲ್ಲಿಗೆ ನಿಮ್ಮನ್ನು ಬಿಡುತ್ತಾರಾ ಅಂತ ನೋಡಿಕೊಳ್ಳಿ. ಹಳಿ ಇಲ್ಲದ ರೈಲು ಎಂಜಿನ್ ಸುಮ್ನೆ ಕಪಾಟಿನ ಅಲಂಕಾರ.

ರಸ್ತೆ ಎಂಜಿನ್ನೇ ಬೇಕು, ಆದರೆ ಗೇರು, ಡಿಫರೆನ್ಷಿಯಲ್, ಸ್ಟೀರಿಂಗ್ ಎಲ್ಲ ಜಾಸ್ತಿ ಆಯಿತು ಅನ್ನಿಸಿದರೆ ‘ಪೋರ್ಟಬಲ್’ ನೋಡಿ. ಕುದುರೆಗಳು ಎಳೆದುಕೊಂಡು ಹೋಗಿ ಹೊಲದಲ್ಲಿ ನಿಲ್ಲಿಸುತ್ತಿದ್ದ ಎಂಜಿನ್ ಅದು. ನೋಡಲು ಅದೇ ಕುಟುಂಬದ್ದು, ಉದ್ದ ಚಿಮಣಿ, ದೊಡ್ಡ ಫ್ಲೈವ್ಹೀಲ್. ಚಕ್ರಗಳಿಗೆ ಚಾಲನೆಯೇ ಇಲ್ಲದ್ದರಿಂದ ಕೆಲಸ ಬಹಳ ಕಡಿಮೆ. ಇದನ್ನು ಯಾಕೆ ಇಷ್ಟು ಕಡಿಮೆ ಜನ ಕಟ್ಟುತ್ತಾರೋ ನನಗಂತೂ ತಿಳಿಯದು.

ದೋಣಿಯ ಲೆಕ್ಕ ಬೇರೆ. ಅಲ್ಲಿ ತೂಕ ಮುಖ್ಯ, ಅದರಲ್ಲೂ ತೂಕ ಎಷ್ಟು ಕೆಳಗಿದೆ ಅನ್ನುವುದು. ಒಂದೇ ಸಿಲಿಂಡರಿನ ಎಂಜಿನ್ ಪಿಸ್ಟನ್ ತುದಿಯಲ್ಲಿರುವಾಗ ನಿಂತರೆ ತಾನಾಗಿ ಹೊರಡುವುದಿಲ್ಲ, ಬೆರಳಿಂದ ತಿರುಗಿಸಬೇಕು. ಕೆರೆಯ ನಡುವೆ ನಿಂತ ದೋಣಿಗೆ ಬೆರಳು ಎಲ್ಲಿಂದ ತರುತ್ತೀರಿ? ಹಾಗಾಗಿ ದೋಣಿಗೆ ಕ್ರ್ಯಾಂಕುಗಳು 90 ಡಿಗ್ರಿ ಅಂತರದಲ್ಲಿರುವ, ಎರಡೂ ಕಡೆಯಿಂದ ಉಗಿ ತಳ್ಳುವ ಎರಡು ಸಿಲಿಂಡರ್ ಬೇಕೇ ಬೇಕು ಅನ್ನಿ.

ಅಳತೆ: ಇಲ್ಲಿ ಘನದ ಲೆಕ್ಕ

1:12 ಅಂದರೆ ಉದ್ದ ಹನ್ನೆರಡರಲ್ಲಿ ಒಂದು ಪಾಲು. ತಗಡಿನ ಮೇಲ್ಮೈ 144ರಲ್ಲಿ ಒಂದು ಪಾಲು. ತೂಕ 1728ರಲ್ಲಿ ಒಂದು ಪಾಲು. ಅಳತೆ ಸ್ವಲ್ಪ ಹಿಗ್ಗಿಸಿದರೂ ತೂಕ ಹಾರಿ ಕೂರುತ್ತದೆ. 10 ಟನ್ ತೂಗುವ, ಹಿಂದಿನ ಚಕ್ರ 6 ಅಡಿ ವ್ಯಾಸದ ಟ್ರಾಕ್ಷನ್ ಎಂಜಿನ್ ಒಂದನ್ನು ಬೇರೆ ಬೇರೆ ಅಳತೆಗೆ ಇಳಿಸಿದರೆ ಲೆಕ್ಕ ಹೀಗೆ ಬರುತ್ತದೆ:

| ಅಳತೆ | ಹಿಂದಿನ ಚಕ್ರ | ತೂಕ |
|---|---|---|
| 1:12 (ಅಡಿಗೆ 1 ಇಂಚು) | 15 ಸೆಂಮೀ | 6 ಕೆಜಿ |
| 1:6 (ಅಡಿಗೆ 2 ಇಂಚು) | 30 ಸೆಂಮೀ | 46 ಕೆಜಿ |
| 1:4 (ಅಡಿಗೆ 3 ಇಂಚು) | 46 ಸೆಂಮೀ | 156 ಕೆಜಿ |
| 1:3 (ಅಡಿಗೆ 4 ಇಂಚು) | 61 ಸೆಂಮೀ | 370 ಕೆಜಿ |

ಇದು ಬರೀ ಗಣಿತ. ತಗಡನ್ನೂ ಬೋಲ್ಟನ್ನೂ ಅಳತೆಗೆ ತಕ್ಕಷ್ಟು ತೆಳು ಮಾಡಲು ಆಗುವುದಿಲ್ಲ, ಹಾಗಾಗಿ ನಿಜವಾದ ಮಾದರಿ ಇದಕ್ಕಿಂತ ಸ್ವಲ್ಪ ಭಾರವೇ ಇರುತ್ತದೆ. ಪಟ್ಟಿಯ ಮೊದಲನೆಯದನ್ನು ಕಂಕುಳಲ್ಲಿ ಹೊತ್ತುಕೊಂಡು ಹೋಗಬಹುದು. ಎರಡನೆಯದಕ್ಕೆ ಇಬ್ಬರು ಬೇಕು. ಮೂರನೆಯದಕ್ಕೆ ಟ್ರೈಲರ್ ಬೇಕು. ನಾಲ್ಕನೆಯದಕ್ಕೆ ವರ್ಕ್‌ಶಾಪಿನ ಬಾಗಿಲು ಎಷ್ಟು ಅಗಲ ಅಂತ ಈಗಲೇ ಅಳೆದುಕೊಳ್ಳಿ.

ಆದರೆ ತುಂಬ ಚಿಕ್ಕದೂ ಒಳ್ಳೆಯದಲ್ಲ. ಲೋಹವನ್ನು ಚಿಕ್ಕದು ಮಾಡಬಹುದು, ಉಗಿಯನ್ನು ಮಾಡಲಾಗದು. ಸಿಲಿಂಡರ್ ಹನ್ನೆರಡು ಪಟ್ಟು ಚಿಕ್ಕದಾದರೆ ಒಳಗಿನ ಉಗಿಗೆ ಹೋಲಿಸಿದಾಗ ತಣ್ಣನೆಯ ಗೋಡೆ ಹನ್ನೆರಡು ಪಟ್ಟು ಜಾಸ್ತಿ. ಉಗಿ ಕೆಲಸ ಮಾಡುವ ಮೊದಲೇ ನೀರಾಗಿಬಿಡುತ್ತದೆ. ಚಿಕ್ಕ ಎಂಜಿನ್ನುಗಳು ನೀರು ಉಗುಳುವುದು, ಅವುಗಳ ಸಿಲಿಂಡರಿಗೆ ಮರದ ಪಟ್ಟಿ ಸುತ್ತುವುದು ಇದೇ ಕಾರಣಕ್ಕೆ. ಕಲ್ಲಿದ್ದಲಿನ ಬೆಂಕಿಯೂ ಹಾಗೆಯೇ. ಫೈರ್‌ಬಾಕ್ಸ್ ತೀರಾ ಚಿಕ್ಕದಾದರೆ ಬೆಂಕಿ ತನ್ನ ಬಿಸಿಯನ್ನು ತಾನೇ ಉಳಿಸಿಕೊಳ್ಳಲಾರದೆ ಆರುತ್ತದೆ.

ರೈಲು ಎಂಜಿನ್ನುಗಳಲ್ಲಿ ಅಳತೆಯನ್ನು ಹಳಿಯ ಅಗಲದಿಂದ ಹೇಳುತ್ತಾರೆ. 45 ಮಿಮೀ ತೋಟದ ರೈಲು, ಅದರ ಹಿಂದೆ ಕೂತು ಹೋಗುವ ಮಾತಿಲ್ಲ. 3½ ಇಂಚು ಅಂದರೆ ಸುಮಾರು 1:16. ಇದು ಮನುಷ್ಯರನ್ನು ಎಳೆಯುತ್ತದೆ, ಆದರೆ ಸಾಮಾನ್ಯವಾಗಿ ಎತ್ತರಿಸಿದ ಹಳಿಯ ಮೇಲೆ. 5 ಇಂಚು ಅಂದರೆ 1:11ರ ಹತ್ತಿರ. 7¼ ಇಂಚು ಸುಮಾರು 1:8, ಇದರ ಎಂಜಿನ್ ಎತ್ತಲು ಯಂತ್ರವೇ ಬೇಕು. ಒಬ್ಬರೇ ನಿಭಾಯಿಸಬೇಕು, ಕೂತು ಓಡಿಸಲೂಬೇಕು ಅಂದರೆ 3½ ಇಂಚಿನ ಚಿಕ್ಕ ಟ್ಯಾಂಕ್ ಎಂಜಿನ್ (ನೀರಿನ ಟ್ಯಾಂಕ್ ಎಂಜಿನ್ನಿನ ಮೇಲೇ ಇರುವಂಥದ್ದು) ಅಥವಾ 5 ಇಂಚಿನ ನಾಲ್ಕು ಗಾಲಿಯದ್ದು. ಎಲ್‌ಬಿಎಸ್‌ಸಿ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಬ್ರಿಟಿಷ್ ವಿನ್ಯಾಸಕನ 3½ ಇಂಚಿನ ‘ಟಿಚ್’ ಇವತ್ತಿಗೂ ಹೊಸಬರು ಕೈಹಾಕುವ ಎಂಜಿನ್. ಒಂದು ಎಚ್ಚರಿಕೆ: ಚಿಕ್ಕದು ಅಂದ ಮಾತ್ರಕ್ಕೆ ಸುಲಭ ಅಲ್ಲ. ಅದರಲ್ಲೂ ಎರಡು ಸಿಲಿಂಡರ್, ಎರಡು ಸೆಟ್ ವಾಲ್ವ್ ಗೇರ್, ಪಂಪು, ಫೈರ್‌ಬಾಕ್ಸ್ ಎಲ್ಲವೂ ಇವೆ.

ಓಲಾಡುವ ಸಿಲಿಂಡರೋ, ಸ್ಲೈಡ್ ವಾಲ್ವೋ

ಓಲಾಡುವ ಎಂಜಿನ್ನಿನಲ್ಲಿ ಪ್ರತ್ಯೇಕ ವಾಲ್ವ್ ಇಲ್ಲ. ಸಿಲಿಂಡರೇ ಒಂದು ಗೂಟದ ಮೇಲೆ ಆಚೀಚೆ ಓಲಾಡುತ್ತದೆ. ಓಲಾಡುವಾಗ ಅದರ ತೂತು ಒಮ್ಮೆ ಉಗಿಯ ತೂತಿಗೆ, ಒಮ್ಮೆ ಹೊರದಾರಿಯ ತೂತಿಗೆ ಎದುರಾಗುತ್ತದೆ. ಒಂದು ಸ್ಪ್ರಿಂಗ್ ಸಿಲಿಂಡರನ್ನು ಮುಖಕ್ಕೆ ಒತ್ತಿ ಹಿಡಿದಿರುತ್ತದೆ. ಇಷ್ಟೇ. ಪಿಸ್ಟನ್ ರಾಡ್ ನೇರವಾಗಿ ಕ್ರ್ಯಾಂಕ್ ಗೂಟಕ್ಕೆ. ಕ್ರಾಸ್‌ಹೆಡ್ (ಪಿಸ್ಟನ್ ರಾಡನ್ನು ನೇರ ಹಿಡಿಯುವ ಜಾರುವ ತುಂಡು) ಇಲ್ಲ, ಎಕ್ಸೆಂಟ್ರಿಕ್ (ವಾಲ್ವನ್ನು ಆಡಿಸಲು ಶಾಫ್ಟಿನ ಮೇಲೆ ನಡು ತಪ್ಪಿಸಿ ಕೂರಿಸಿದ ಬಿಲ್ಲೆ) ಇಲ್ಲ.

ಇದನ್ನು ಆಟಿಕೆ ಅಂತ ತಳ್ಳಿಹಾಕುವವರಿದ್ದಾರೆ. 1858ರಲ್ಲಿ ನೀರಿಗಿಳಿದ ‘ಗ್ರೇಟ್ ಈಸ್ಟರ್ನ್’ ಹಡಗಿನ ಪಕ್ಕದ ಗಾಲಿಗಳನ್ನು ತಿರುಗಿಸಿದ್ದು ಓಲಾಡುವ ಎಂಜಿನ್ನುಗಳೇ. ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 74 ಇಂಚು! ಆದರೆ ಮಾದರಿಯಲ್ಲಿ ಅದರ ಮಿತಿ ನಿಜ. ಒತ್ತಡ ಜಾಸ್ತಿಯಾದರೆ ಉಗಿ ಸಿಲಿಂಡರನ್ನೇ ಮುಖದಿಂದ ಎತ್ತುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಉಜ್ಜಾಟ ಜಾಸ್ತಿ. ಉಗಿಯನ್ನು ಮಧ್ಯದಲ್ಲಿ ತಡೆದು ಅದು ಹಿಗ್ಗುವಾಗಲೂ ಕೆಲಸ ತೆಗೆಯುವುದು ಇಲ್ಲಿ ಆಗದು. ಹಾಗಾಗಿ ಉಗಿ ಕುಡಿಯುತ್ತದೆ, ಚಿಕ್ಕ ಬಾಯ್ಲರನ್ನು ಬೇಗ ಖಾಲಿ ಮಾಡುತ್ತದೆ.

ಸ್ಲೈಡ್ ವಾಲ್ವಿನಲ್ಲಿ ಇದು ಉಲ್ಟಾ. ಒಂದು ಚಪ್ಪಟೆ ವಾಲ್ವ್ ಮೂರು ತೂತುಗಳ ಮೇಲೆ ಜಾರುತ್ತದೆ. ಉಗಿಯ ಒತ್ತಡವೇ ಅದನ್ನು ಮುಖಕ್ಕೆ ಒತ್ತಿ ಹಿಡಿಯುತ್ತದೆ, ಒತ್ತಡ ಏರಿದಷ್ಟೂ ಸೋರಿಕೆ ಕಡಿಮೆ. ವಾಲ್ವಿನ ಅಂಚು ತೂತಿಗಿಂತ ಸ್ವಲ್ಪ ಆಚೆ ಚಾಚಿದ್ದರೆ ಪಿಸ್ಟನ್ ಕೊನೆ ಮುಟ್ಟುವ ಮುಂಚೆಯೇ ಉಗಿ ನಿಲ್ಲುತ್ತದೆ, ಉಳಿದ ದೂರವನ್ನು ಹಿಗ್ಗುವ ಉಗಿಯೇ ತಳ್ಳುತ್ತದೆ. ವಾಲ್ವ್ ಸರಿಹೊಂದಿಸುವುದೂ ಕಣ್ಣಿಗೆ ಕಾಣುವ ಕೆಲಸ: ಪೆಟ್ಟಿಗೆಯ ಮುಚ್ಚಳ ತೆಗೆದು, ಶಾಫ್ಟ್ ತಿರುಗಿಸುತ್ತಾ, ಎರಡೂ ತುದಿಯಲ್ಲಿ ತೂತು ಸಮನಾಗಿ ತೆರೆಯುತ್ತಾ ಅಂತ ನೋಡುವುದು. ಸಮ ಇಲ್ಲದಿದ್ದರೆ ಎಂಜಿನ್ ಕುಂಟುತ್ತದೆ. ಶಬ್ದದಲ್ಲೇ ಗೊತ್ತಾಗುತ್ತದೆ.

ಪಿಸ್ಟನ್ ವಾಲ್ವ್ ಅನ್ನುವ ಮೂರನೆಯದೂ ಇದೆ. ಚಪ್ಪಟೆ ವಾಲ್ವಿನ ಜಾಗದಲ್ಲಿ ದುಂಡನೆಯ ಬೊಬ್ಬಿನ್. ಬೋರನ್ನು (ಒಳತೂತನ್ನು) ರೀಮ್ ಮಾಡಿ ಲ್ಯಾಪ್ ಮಾಡುವ, ಅಂದರೆ ಅಳತೆಗೆ ಕೊರೆದು ಉಜ್ಜಿ ನುಣುಪು ಮಾಡುವ, ಕೈ ಪಳಗಿದ್ದರೆ ಚೆನ್ನ. ಸವೆದಾಗ ಸ್ಲೈಡ್ ವಾಲ್ವ್ ತಾನೇ ಮುಖಕ್ಕೆ ಹೊಂದಿಕೊಳ್ಳುತ್ತದೆ, ಪಿಸ್ಟನ್ ವಾಲ್ವ್ ಸೋರುತ್ತದೆ. ಹೊಸಬರಿಗೆ ಬೇಡ.

ಲೇತಿನ ಮೇಲೆ ಇದುವರೆಗೆ ಏನೂ ಕಟ್ಟದವರು ಮೊದಲು ಒಂದು ಓಲಾಡುವ ಎಂಜಿನ್ ಮಾಡಿ. ಕೆಲವೇ ಭಾಗಗಳು, ಬೇಗ ಮುಗಿಯುತ್ತದೆ, ಓಡಿದ ಖುಷಿ ಮುಂದಿನದಕ್ಕೆ ಎಳೆಯುತ್ತದೆ. ಆದರೆ ಲೇತ್ ಬಳಸಿ ಅಭ್ಯಾಸ ಇದ್ದವರು ನೇರವಾಗಿ ಒಂದು ಸಿಲಿಂಡರಿನ ಸ್ಲೈಡ್ ವಾಲ್ವ್ ಎಂಜಿನ್ನಿಗೆ ಹೋಗುವುದು ಒಳ್ಳೆಯದು. ಅದರಲ್ಲಿ ಕಲಿತದ್ದೆಲ್ಲ ರೈಲು ಎಂಜಿನ್ನಿಗೂ ಟ್ರಾಕ್ಷನ್ ಎಂಜಿನ್ನಿಗೂ ಹಾಗೇ ಬರುತ್ತದೆ. ಕ್ರಾಸ್‌ಹೆಡ್ ನೇರ ಹಿಡಿಯುವುದು, ಗ್ಲ್ಯಾಂಡ್ (ರಾಡಿನ ಸುತ್ತ ಉಗಿ ಸೋರದಂತೆ ತಡೆಯುವ ಜಾಗ) ತುಂಬುವುದು, ಎಕ್ಸೆಂಟ್ರಿಕ್ ಕೂರಿಸುವುದು ಎಲ್ಲವೂ.

ಪಿಸ್ಟನ್ನಿನ ಸೀಲಿನ ಬಗ್ಗೆ ಚುಟುಕಾಗಿ: ಗ್ರಾಫೈಟ್ ಹುರಿ ಎಲ್ಲಕ್ಕಿಂತ ಕ್ಷಮಿಸುವ ಸ್ವಭಾವದ್ದು, ಬೋರ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಓ-ರಿಂಗ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೋರ್ ನುಣ್ಣಗಿರಲೇಬೇಕು, ಉಗಿಗೆ ತಾಳುವ ವಿಟಾನ್ ಅಥವಾ ಸಿಲಿಕೋನ್ ಜಾತಿಯದ್ದಾಗಿರಬೇಕು. ಪಿಟಿಎಫ್ಇ (ಟೆಫ್ಲಾನ್) ಬಿಸಿಗೆ ಲೋಹಕ್ಕಿಂತ ಬಹಳ ಹಿಗ್ಗುತ್ತದೆ, ಸಂದು ಬಿಡದಿದ್ದರೆ ಗಾಳಿಯಲ್ಲಿ ಓಡಿದ ಎಂಜಿನ್ ಉಗಿಯಲ್ಲಿ ಕಚ್ಚಿ ನಿಲ್ಲುತ್ತದೆ.

ಎರಕವೋ, ಸರಳಿನಿಂದ ಕಡೆದದ್ದೋ, ಕಿಟ್ಟೋ

ಎರಕದ ಸೆಟ್‌ಗಳಲ್ಲಿ ಬಹಳ ಹಳೆಯ ಹೆಸರು 1898ರಲ್ಲಿ ಶುರುವಾದ ಬ್ರಿಟನ್ನಿನ ಸ್ಟುವರ್ಟ್ ಟರ್ನರ್. ಅವರ ‘10ವಿ’ ಎಂಬ ನೆಟ್ಟಗೆ ನಿಂತ ಎಂಜಿನ್ ಈ ಹವ್ಯಾಸದಲ್ಲಿ ಅರ್ಧ ಜನರ ಮೊದಲ ಎಂಜಿನ್ ಅಂದರೂ ತಪ್ಪಾಗದು. ಬೋರ್ 19 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 19 ಮಿಮೀ, ಫ್ಲೈವ್ಹೀಲ್ 3 ಇಂಚು. ಬರೀ ಎರಕವಾಗಿಯೂ, ಮುಖ್ಯ ಕಡೆತ ಮುಗಿಸಿದ ಸೆಟ್ ಆಗಿಯೂ, ಓಡುವ ಸ್ಥಿತಿಯಲ್ಲೂ ಸಿಗುತ್ತದೆ.

ಎರಕದ ಚೆಲುವು ಅದರ ಬಾಗು ಬಳುಕುಗಳಲ್ಲಿದೆ. ಹಳೆಯ ಎಂಜಿನ್ನಿನ ಮುಖಚರ್ಯೆ ಬರಬೇಕು ಅಂದರೆ ಎರಕವೇ ಸರಿ. ಆದರೆ ಅದನ್ನು ಹಿಡಿಯುವುದು ತಲೆನೋವು. ಯಾವ ಮುಖವೂ ಚಪ್ಪಟೆಯಲ್ಲ, ಯಾವ ಅಂಚೂ ನೇರವಲ್ಲ. ಎಲ್ಲಿಂದ ಅಳೆಯಬೇಕು ಅನ್ನುವುದನ್ನು ನೀವೇ ಹುಟ್ಟುಹಾಕಬೇಕು. ಬೀಡುಕಬ್ಬಿಣದ ಎರಕಕ್ಕೆ ಹೊರಗೆ ಗಟ್ಟಿ ಚರ್ಮ ಇರುತ್ತದೆ. ಮೊದಲ ಕಡೆತ ಆ ಚರ್ಮದ ಕೆಳಗೇ ಹೋಗಬೇಕು, ಮೇಲೆ ಮೇಲೆ ಕೆರೆದರೆ ಉಳಿಯ ಮೂತಿ ಹಾಳು. ಮತ್ತೆ, ಒಂದು ಎರಕ ಕೆಟ್ಟರೆ ಇನ್ನೊಂದು ಬರುವ ತನಕ ಕಾಯಬೇಕು.

ಸರಳು, ಪಟ್ಟಿ, ತಗಡುಗಳಿಂದ ಕಡೆದರೆ ಆ ಭಯ ಇಲ್ಲ. ಕೆಟ್ಟರೆ ಇನ್ನೊಂದು ತುಂಡು ಕತ್ತರಿಸಿ. ಚೌಕ ತುಂಡಿನಿಂದ ಶುರು ಮಾಡುವುದರಿಂದ ಅಳತೆಯ ಮುಖ ಮೊದಲೇ ಸಿದ್ಧ. ನೋಟ ಸ್ವಲ್ಪ ಪೆಟ್ಟಿಗೆ ಪೆಟ್ಟಿಗೆಯಾಗಿ ಬರುತ್ತದೆ ನಿಜ. ಅರ ಹಿಡಿದು ಮೂಲೆಗಳನ್ನು ದುಂಡಗೆ ಮಾಡುವ ತಾಳ್ಮೆ ಇದ್ದರೆ ಅದೂ ಮರೆಯಾಗುತ್ತದೆ. ಮೊದಲ ಎಂಜಿನ್ನಿಗೆ ನಾನು ಸರಳಿನ ಪಕ್ಷ. ಎರಕ ಎರಡನೆಯದಕ್ಕೆ.

ಎಲ್ಲ ಕಡೆತ ಮುಗಿದ ಕಿಟ್ ಬೇರೆ ಹವ್ಯಾಸ. ಜೋಡಿಸಿ ಓಡಿಸುವುದರಲ್ಲೇ ಸಂತೋಷ ಇರುವವರಿಗೆ ಅದು ಒಳ್ಳೆಯ ದಾರಿ. ಕಡೆಯುವುದು ಕಲಿಯಬೇಕು ಅನ್ನುವವರಿಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ.

ಸಿಲಿಂಡರಿನ ಲೋಹದ ಆಯ್ಕೆ ಎಷ್ಟು ಸಲ ಓಡಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಬೀಡು ಚೆನ್ನಾಗಿ ಸವೆತ ತಾಳುತ್ತದೆ, ಆದರೆ ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿದು ಪಿಸ್ಟನ್ ಅಂಟಿಕೊಳ್ಳುತ್ತದೆ. ವರ್ಷಕ್ಕೆ ಎರಡು ಮೂರು ಸಲ ಓಡುವ ಎಂಜಿನ್ನಿಗೆ ಗನ್‌ಮೆಟಲ್ ಅಂದರೆ ಕಂಚೇ ನೆಮ್ಮದಿ.

ಬಾಯ್ಲರ್

ಮನೆಯಲ್ಲಿ ಬಳಸುವ ಪ್ರೆಷರ್ ಕುಕ್ಕರಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಜಾಸ್ತಿ. ಮಾದರಿ ಬಾಯ್ಲರುಗಳಲ್ಲಿ ಚಿಕ್ಕವು ಎರಡು ಮೂರು ಬಾರಿನಲ್ಲಿ, ಕೂತು ಓಡಿಸುವ ರೈಲು ಎಂಜಿನ್ನುಗಳು ಐದಾರು ಬಾರಿನಲ್ಲಿ ಕೆಲಸ ಮಾಡುತ್ತವೆ. 10 ಸೆಂಮೀ ವ್ಯಾಸದ ಬಾಯ್ಲರಿನ ಚಪ್ಪಟೆ ಮುಚ್ಚಳದ ಮೇಲೆ 5 ಬಾರ್ ಅಂದರೆ ಸುಮಾರು 400 ಕೆಜಿ ಭಾರ. ಅಂಗೈಯಷ್ಟು ಜಾಗದ ಮೇಲೆ! ಚಪ್ಪಟೆ ತಗಡುಗಳಿಗೆ ಅಡ್ಡ ಸರಳುಗಳನ್ನು ಕೂರಿಸಿ ಕಟ್ಟಿಹಾಕುವುದು ಇದಕ್ಕೇ.

ಅಪಾಯ ಉಗಿಯಲ್ಲಿ ಅಷ್ಟಿಲ್ಲ, ಬಿಸಿ ನೀರಿನಲ್ಲಿದೆ. 5 ಬಾರಿನಲ್ಲಿ ನೀರು 159 ಡಿಗ್ರಿಯ ತನಕ ಕುದಿಯದೆ ಕಾದಿರುತ್ತದೆ. ಬೆಸುಗೆ ಬಿಟ್ಟು ಒತ್ತಡ ಒಮ್ಮೆಲೇ ಇಳಿದರೆ ಆ ನೀರಿನ ಹತ್ತರಲ್ಲಿ ಒಂದು ಪಾಲಿಗೂ ಜಾಸ್ತಿ ತಕ್ಷಣ ಉಗಿಯಾಗುತ್ತದೆ. ಒಂದು ಲೀಟರ್ ನೀರಿಂದ 180 ಲೀಟರಿಗೂ ಮೀರಿದ ಉಗಿ. ಅದಕ್ಕೇ ಬಾಯ್ಲರಿನಲ್ಲಿ ಅಂದಾಜಿನ ಕೆಲಸ ಬೇಡ. ಒಪ್ಪಿತವಾದ ನಕ್ಷೆ ಹಿಡಿದು, ಅದರಲ್ಲಿ ಹೇಳಿದ ದಪ್ಪದ ತಗಡನ್ನೇ ಬಳಸಿ.

ತಾಮ್ರವೋ ಉಕ್ಕೋ ಅನ್ನುವುದು ಇಲ್ಲಿನ ಮುಖ್ಯ ಪ್ರಶ್ನೆ. ತಾಮ್ರ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ, ತುಕ್ಕು ಹಿಡಿಯದು, ಕಾಯಿಸಿ ಮೆತ್ತಗೆ ಮಾಡಿ ಅಚ್ಚಿನ ಮೇಲೆ ಬಡಿದು ಅಂಚು ಮಡಚಬಹುದು. ಬೆಳ್ಳಿ ಬೆಸುಗೆ ಹಾಕಿದರೆ ದಶಕಗಳ ಕಾಲ ಬಾಳುತ್ತದೆ. 55 ಶೇಕಡಾ ಬೆಳ್ಳಿಯ ಬೆಸುಗೆ 630ರಿಂದ 660 ಡಿಗ್ರಿಯ ನಡುವೆ ಕರಗುತ್ತದೆ, ತಾಮ್ರ 1085ರಲ್ಲಿ. ನಡುವೆ ಸಾಕಷ್ಟು ಜಾಗ ಇದೆ. ತವರದ ಮೆತ್ತನೆ ಬೆಸುಗೆ ಮಾತ್ರ ಬಾಯ್ಲರಿನ ಕೀಲುಗಳಿಗೆ ಬೇಡವೇ ಬೇಡ. ಅದು 190 ಡಿಗ್ರಿಯ ಹತ್ತಿರ ಕರಗುತ್ತದೆ, ಅದಕ್ಕೂ ಮುಂಚೆಯೇ ಬಲ ಕಳೆದುಕೊಂಡಿರುತ್ತದೆ.

ತಾಮ್ರದ ಕಷ್ಟ ಅದರ ಗುಣದಲ್ಲೇ ಇದೆ. ಬಿಸಿ ಒಂದೆಡೆ ನಿಲ್ಲುವುದಿಲ್ಲ, ಇಡೀ ಬಾಯ್ಲರನ್ನೇ ಕೆಂಪಗೆ ಕಾಯಿಸಬೇಕು. ವ್ಯಾಸ 10 ಸೆಂಮೀ ದಾಟಿದರೆ ದೊಡ್ಡ ಪ್ರೊಪೇನ್ ಟಾರ್ಚು, ಸುತ್ತ ಬೆಂಕಿ ಇಟ್ಟಿಗೆಯ ಗೂಡು, ಇನ್ನೊಂದು ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕಾಗುತ್ತಾರೆ. ಹಳೆಯ ದಾಸ್ತಾನಿನ ಬೆಸುಗೆ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರಬಹುದು, ಅದರ ಹೊಗೆ ವಿಷ. ಯುರೋಪ್ ಒಕ್ಕೂಟ 2011ರಲ್ಲಿ ಅದನ್ನು ನಿಷೇಧಿಸಿತು. ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಇನ್ನು ಬಾಯ್ಲರಿಗೆ ಬೆಸೆಯುವ ಬುಷ್‌ಗಳು (ಫಿಟ್ಟಿಂಗ್ ಕೂರಿಸುವ ಬಳೆಗಳು) ಕಂಚಿನವೇ ಆಗಿರಲಿ. ಹಿತ್ತಾಳೆಯಿಂದ ಬಿಸಿ ನೀರು ಕ್ರಮೇಣ ಸತುವನ್ನು ಎಳೆದು ಹಾಕುತ್ತದೆ, ಉಳಿಯುವುದು ತೂತು ತೂತಾದ ತಾಮ್ರ.

ಉಕ್ಕು ಅಗ್ಗ, ಗಟ್ಟಿ. ಆದರೆ ತುಕ್ಕಿಗಾಗಿ ದಪ್ಪ ಜಾಸ್ತಿ ಇಡಬೇಕು, ವೆಲ್ಡಿಂಗನ್ನು ಅರ್ಹತೆಯ ಪರೀಕ್ಷೆ ಪಾಸಾದ ವೆಲ್ಡರೇ ಮಾಡಬೇಕು, ಪ್ರತಿ ಸಲ ಓಡಿಸಿದ ಮೇಲೆ ಒಳಗೆ ಒಣಗಿಸಿಯೋ ಮದ್ದು ಹಾಕಿದ ನೀರು ತುಂಬಿಯೋ ಇಡಬೇಕು. ನನ್ನ ಪ್ರಕಾರ 1:4 ಮತ್ತು ಅದಕ್ಕಿಂತ ದೊಡ್ಡ ಟ್ರಾಕ್ಷನ್ ಎಂಜಿನ್ನುಗಳಿಗೆ, 7¼ ಇಂಚಿನ ರೈಲು ಎಂಜಿನ್ನುಗಳಿಗೆ ಉಕ್ಕು. ಅದಕ್ಕಿಂತ ಚಿಕ್ಕದಕ್ಕೆ ತಾಮ್ರ. ಸ್ಟೇನ್‌ಲೆಸ್ ಸ್ಟೀಲ್ ಅನ್ನುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಬಿಸಿ ನೀರಿನಲ್ಲಿರುವ ಕ್ಲೋರೈಡ್‌ನಿಂದ ಅದರ ಸಾಮಾನ್ಯ ಜಾತಿಗಳು ಮುನ್ಸೂಚನೆ ಇಲ್ಲದೆ ಬಿರುಕು ಬಿಡುತ್ತವೆ. ಬಿಟ್ಟುಬಿಡಿ.

ಬಾಯ್ಲರಿನ ಆಕಾರದಲ್ಲೂ ಆಯ್ಕೆ ಇದೆ. ಬರೀ ಮುಚ್ಚಿದ ಡಬ್ಬಿಯ ಕೆಳಗೆ ಬೆಂಕಿ ಇಡುವುದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಸೋಮಾರಿ. ನಡುವೆ ಒಂದು ದಪ್ಪ ಕೊಳವೆ ಹಾಯುವ, ಅದರೊಳಗೆ ಗ್ಯಾಸ್ ಉರಿಯುವ ಅಡ್ಡ ಬಾಯ್ಲರ್ ದೋಣಿಗೆ ಚೆನ್ನ. ನಿಂತ ಬಾಯ್ಲರಿನಲ್ಲಿ ಹಲವು ಸಣ್ಣ ಕೊಳವೆಗಳು ನೆಟ್ಟಗೆ ಹೋಗುತ್ತವೆ. ಕಟ್ಟಲು ಸುಲಭ, ಎಲ್ಲವೂ ದುಂಡಗೆ, ಅಡ್ಡ ಸರಳುಗಳ ತಾಪತ್ರಯ ಕಡಿಮೆ. ರೈಲು ಎಂಜಿನ್ನಿನ ಬಗೆಯ ಬಾಯ್ಲರ್, ಅಂದರೆ ಸುತ್ತ ನೀರಿರುವ ಫೈರ್‌ಬಾಕ್ಸ್ ಇರುವಂಥದ್ದು, ಈ ಎಲ್ಲದರಲ್ಲಿ ಕಠಿಣ. ಮೊದಲ ಬಾಯ್ಲರ್ ಕಟ್ಟುವವರಿಗೆ ನಿಂತ ಬಾಯ್ಲರಿಗಿಂತ ಒಳ್ಳೆಯ ಪಾಠ ಇಲ್ಲ.

ಕೊಳ್ಳುವುದಾದರೆ? ನಾಚಿಕೆ ಬೇಡ. ಪರೀಕ್ಷೆಯ ಪತ್ರದೊಂದಿಗೆ ಬರುವ ಬಾಯ್ಲರ್ ಕೊಂಡು ಎಂಜಿನ್ ತಾವೇ ಕಟ್ಟಿದವರು ಬಹಳ ಜನ. ಟ್ರಾಕ್ಷನ್ ಎಂಜಿನ್ ಕಟ್ಟುವವರಿಗಂತೂ ಇದು ವರ್ಷಗಟ್ಟಲೆ ಉಳಿಸುವ ದಾರಿ. ಪತ್ರ ಇಲ್ಲದ ಹಳೆಯ ಬಾಯ್ಲರನ್ನು ಮಾತ್ರ ಹೊಳಪು ನೋಡಿ ಕೊಳ್ಳಬೇಡಿ.

ಪರೀಕ್ಷೆ ಅಂದರೆ ನೀರಿನ ಪರೀಕ್ಷೆ. ಒಳಗೆ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸುವುದು. ಹೊಸ ಬಾಯ್ಲರಿಗೆ ಕೆಲಸದ ಒತ್ತಡದ ಎರಡು ಪಟ್ಟು, ಮುಂದಿನ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟು ಅನ್ನುವುದು ಬ್ರಿಟನ್ನಿನ ಮಾಡೆಲ್ ಕ್ಲಬ್‌ಗಳ ಪದ್ಧತಿ. ನೀರು ಕುಗ್ಗುವುದಿಲ್ಲ, ಹಾಗಾಗಿ ಬೆಸುಗೆ ಬಿಟ್ಟರೂ ಬರೀ ಹನಿ ಜಿನುಗುತ್ತದೆ. ಗಾಳಿಯಲ್ಲಿ ಪರೀಕ್ಷೆ ಮಾಡಿದರೆ ಅದೇ ಬಾಯ್ಲರ್ ಸಿಡಿಯುತ್ತದೆ. ಆಮೇಲೆ ಉಗಿಯ ಪರೀಕ್ಷೆ: ಪೂರ್ತಿ ಬೆಂಕಿ ಇಟ್ಟು, ಉಗಿ ಹೊರಹೋಗುವ ದಾರಿ ಮುಚ್ಚಿದಾಗ ಸೇಫ್ಟಿ ವಾಲ್ವೊಂದೇ ಒತ್ತಡವನ್ನು ಹತೋಟಿಯಲ್ಲಿಡಬೇಕು. ಕೆಲಸದ ಒತ್ತಡಕ್ಕಿಂತ 10 ಶೇಕಡಾ ಮೀರಿ ಏರಬಾರದು. ನಿಮ್ಮಲ್ಲಿನ ನಿಯಮ ಏನು, ಯಾರು ಪರೀಕ್ಷಿಸುತ್ತಾರೆ ಅನ್ನುವುದನ್ನು ತಾಮ್ರ ತರುವ ಮೊದಲೇ ವಿಚಾರಿಸಿ. ಕೆಲವೆಡೆ ಕಟ್ಟುವಾಗ ನಡುನಡುವೆ ಬಂದು ನೋಡಬೇಕು ಅನ್ನುತ್ತಾರೆ, ಪೂರ್ತಿ ಮುಚ್ಚಿದ ಮೇಲೆ ಒಳಗಿನ ಬೆಸುಗೆ ಕಾಣುವುದಿಲ್ಲ ಅಲ್ವಾ?

ಬೆಂಕಿ ಯಾವುದು

ಸ್ಪಿರಿಟ್ ದೀಪ ಎಲ್ಲಕ್ಕಿಂತ ಹಳೆಯದು. 1784ರಲ್ಲಿ ವಿಲಿಯಂ ಮರ್ಡಾಕ್ ಮೇಜಿನ ಮೇಲೆ ಇಡುವಷ್ಟು ಚಿಕ್ಕ ಉಗಿಗಾಡಿಯೊಂದನ್ನು ಮಾಡಿ ಓಡಿಸಿದಾಗ ಅದರ ತಾಮ್ರದ ಬಾಯ್ಲರಿನ ಕೆಳಗೆ ಇದ್ದದ್ದು ಸ್ಪಿರಿಟ್ ದೀಪವೇ. ಸರಳ, ಮಸಿ ಇಲ್ಲ. ಆದರೆ ಹಗಲಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ. ಚೆಲ್ಲಿದ ಸ್ಪಿರಿಟ್ ಉರಿಯುತ್ತಿರುವುದು ಕೈ ಸುಟ್ಟ ಮೇಲೆ ಗೊತ್ತಾಗುತ್ತದೆ.

ಬ್ಯೂಟೇನ್ ಗ್ಯಾಸ್ ಹಿಡಿತಕ್ಕೆ ಸಿಗುತ್ತದೆ, ತಿರುಗಣೆ ತಿರುಗಿಸಿದರೆ ಜ್ವಾಲೆ ಇಳಿಯುತ್ತದೆ. ದೋಣಿಗೆ, 45 ಮಿಮೀ ರೈಲಿಗೆ, ಮೇಜಿನ ಮೇಲಿನ ಬಾಯ್ಲರಿಗೆ ನನ್ನ ಆಯ್ಕೆ ಇದೇ. ಒಂದು ತೊಂದರೆ ಇದೆ: ದ್ರವ ಆವಿಯಾಗುವಾಗ ಗ್ಯಾಸ್ ಟ್ಯಾಂಕ್ ತಣ್ಣಗಾಗಿ ಒತ್ತಡ ಕುಸಿಯುತ್ತದೆ. ಟ್ಯಾಂಕಿಗೆ ಸ್ವಲ್ಪ ಉಗುರುಬೆಚ್ಚಗಿನ ನೀರು ಸಾಕು. ಬೆಂಕಿಯ ಪಕ್ಕಕ್ಕೆ ತಂದು ಇಡುವ ಬುದ್ಧಿವಂತಿಕೆ ಬೇಡ. ಬ್ಯೂಟೇನಿಗೆ ಮಾಡಿದ ಟ್ಯಾಂಕಿಗೆ ಪ್ರೊಪೇನ್ ತುಂಬಲೂಬಾರದು, ಅದೇ ಬಿಸಿಯಲ್ಲಿ ಅದರ ಒತ್ತಡ ಮೂರು ನಾಲ್ಕು ಪಟ್ಟು.

ಕಲ್ಲಿದ್ದಲು ಅಂದರೆ ನಿಜವಾದ ವಾಸನೆ, ನಿಜವಾದ ಕೆಲಸ. ಉಗಿ ಏರುವ ತನಕ ಚಿಮಣಿಯ ಮೇಲೆ ಒಂದು ಚಿಕ್ಕ ವಿದ್ಯುತ್ ಫ್ಯಾನ್ ಇಟ್ಟು ಬೆಂಕಿಗೆ ಗಾಳಿ ಎಳೆಯಬೇಕು. ಆಮೇಲೆ ಸಿಲಿಂಡರಿಂದ ಹೊರಬಂದ ಉಗಿಯೇ ಚಿಮಣಿಯಲ್ಲಿ ಮೇಲೆ ನುಗ್ಗಿ ಗಾಳಿಯನ್ನು ಎಳೆಯುತ್ತದೆ. ಬೆಂಕಿ, ನೀರಿನ ಮಟ್ಟ, ಒತ್ತಡ ಮೂರನ್ನೂ ಒಟ್ಟಿಗೆ ನೋಡುವುದು ಕಲಿಯಬೇಕಾದ ವಿದ್ಯೆ. 5 ಇಂಚು ಮತ್ತು ಮೇಲಿನ ರೈಲು ಎಂಜಿನ್ನಿಗೆ, 1:6 ಮತ್ತು ಮೇಲಿನ ಟ್ರಾಕ್ಷನ್ ಎಂಜಿನ್ನಿಗೆ ಕಲ್ಲಿದ್ದಲು ಸೊಗಸು. ಅದಕ್ಕಿಂತ ಚಿಕ್ಕದರಲ್ಲಿ ಓಡಿಸುವುದಕ್ಕಿಂತ ಬೆಂಕಿ ಸಾಕುವುದೇ ಜಾಸ್ತಿ ಆಗುತ್ತದೆ.

ಬೆಂಕಿ ಯಾವುದೇ ಇರಲಿ, ಬಾಯ್ಲರಿಗೆ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು. ಸಿಲಿಂಡರಿಗೆ ಉಗಿಗೆಂದೇ ಮಾಡಿದ ದಪ್ಪ ಎಣ್ಣೆ, ಮೋಟಾರಿನ ಎಣ್ಣೆ ಅಲ್ಲ.

ಲೇತ್ ಮತ್ತು ನಕ್ಷೆ

ಯಂತ್ರದಲ್ಲಿ ದುಂಡಗಿರುವ ಅತಿ ದೊಡ್ಡ ಭಾಗ ನಿಮ್ಮ ಲೇತಿನ ಹಾಸಿನ ಮೇಲೆ ತಿರುಗಬೇಕು. ಮಿನಿ ಲೇತಿನಲ್ಲಿ ಸುಮಾರು 18 ಸೆಂಮೀ ವ್ಯಾಸ ತಿರುಗುತ್ತದೆ. 10ವಿಯ ಫ್ಲೈವ್ಹೀಲಿಗೆ ಧಾರಾಳ, 1:12 ಟ್ರಾಕ್ಷನ್ ಚಕ್ರಕ್ಕೆ ಬಿಗಿಯಾಗಿ ಸಾಕು, 1:6ಕ್ಕೆ ಸಾಲದು. ಸಾಲದಿದ್ದರೆ ಆ ಒಂದು ಭಾಗವನ್ನು ಹೊರಗೆ ಮಾಡಿಸಬಹುದು. ಆದರೆ ಅಂಥ ಭಾಗಗಳ ಪಟ್ಟಿ ಉದ್ದ ಆಗುತ್ತಾ ಹೋದರೆ ಅಳತೆ ಇಳಿಸುವುದೇ ಜಾಣತನ. ಮಿಲ್ಲಿಂಗ್ ಯಂತ್ರ ಇಲ್ಲದೆಯೂ ಲೇತಿನ ಮೇಲೆ ನಿಂತ ಸ್ಲೈಡ್ ಕೂರಿಸಿ ವಾಲ್ವಿನ ತೂತು ಕೊರೆಯಬಹುದು. ರೈಲು ಅಥವಾ ಟ್ರಾಕ್ಷನ್ ಎಂಜಿನ್ನಿಗೆ ಬೇರೆ ಮಿಲ್ ಇದ್ದರೆ ಬೆನ್ನಿಗೆ ಆರಾಮ.

ನಕ್ಷೆ ಆರಿಸುವಾಗ ಇಂಚೋ ಮಿಲಿಮೀಟರೋ ನೋಡಿಕೊಳ್ಳಿ. ಹಳೆಯ ಒಳ್ಳೆಯ ವಿನ್ಯಾಸಗಳಲ್ಲಿ ಬಹಳಷ್ಟು ಇಂಚಿನವು, ಬಿಎ (ಬ್ರಿಟಿಷ್ ಅಸೋಸಿಯೇಷನ್) ಅನ್ನುವ ಮರೆಯ, ಅಂದರೆ ತಿರುಪಿನ ಸುರುಳಿಯ, ಬೋಲ್ಟುಗಳು, ಬಾಯ್ಲರ್ ಫಿಟ್ಟಿಂಗ್‌ಗಳಿಗೆ ಇಂಚಿಗೆ 32 ಅಥವಾ 40 ಮರೆಯ ಎಂಇ (ಮಾಡೆಲ್ ಎಂಜಿನಿಯರ್) ಟ್ಯಾಪುಗಳು, ಅಂದರೆ ತೂತಿನೊಳಗೆ ಮರೆ ಕೊರೆಯುವ ಉಪಕರಣಗಳು. ಬಾಯ್ಲರ್ ಫಿಟ್ಟಿಂಗ್‌ಗಳನ್ನು ಕೊಳ್ಳುವವರು ಎಂಇ ಹಾಗೇ ಉಳಿಸಿಕೊಳ್ಳಿ, ಅಂಗಡಿಯಲ್ಲಿ ಸಿಗುವ ಗೇಜು, ವಾಲ್ವುಗಳು ಬಹುಪಾಲು ಅದರಲ್ಲೇ ಬರುತ್ತವೆ. ಬಿಎ ಬದಲು ಮೆಟ್ರಿಕ್ ಬೋಲ್ಟ್ ಹಾಕಬಹುದು, ಆದರೆ ಅವುಗಳ ತಲೆ ಅಳತೆಗೆ ದೊಡ್ಡದಾಗಿ ಕಾಣುತ್ತದೆ, ಒಂದು ಗಾತ್ರ ಚಿಕ್ಕ ತಲೆಯವು ಹುಡುಕಿ. ಎರಡನ್ನೂ ಬಳಸುವುದಾದರೆ ಡಬ್ಬಿ ಬೇರೆ ಬೇರೆ ಇರಲಿ: 0 ಬಿಎ ಬೋಲ್ಟ್ ಕೂಡ ಎಂ6ರಂತೆ 6 ಮಿಮೀ ದಪ್ಪ, 1 ಮಿಮೀ ಪಿಚ್. ನಟ್ಟು ಒಂದೆರಡು ಸುತ್ತು ಹೋಗಿಯೇಬಿಡುತ್ತದೆ. ಮರೆಯ ಕೋನ ಮಾತ್ರ ಒಂದರದ್ದು 47½ ಡಿಗ್ರಿ, ಇನ್ನೊಂದರದ್ದು 60.